ಮಂಗಳನಲ್ಲಿ ಮೊಂಡು ಹಿಡಿದ ಗಣಕ

2004ರ ಜನವರಿ 21. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ‘ನಾಸಾ’ ಕಳಿಸಿದ ‘ಸ್ಪಿರಿಟ್’ ಎಂಬ ಆರು ಗಾಲಿಗಳ ಬಂಡಿ ಮಂಗಳ ಗ್ರಹದ ಗುಸೆವ್ ಕುಳಿಯಲ್ಲಿ ಇಳಿದು ಇನ್ನೂ ಮೂರು ವಾರ ತುಂಬಿರಲಿಲ್ಲ. ‘ಅಡಿರೊಂಡಾಕ್’ ಎಂದು ಹೆಸರಿಟ್ಟಿದ್ದ ಬಂಡೆಯೊಂದರ ಮುಂದೆ ನಿಂತು ಅದನ್ನು ಪರೀಕ್ಷಿಸಲು ಸಜ್ಜಾಗುತ್ತಿತ್ತು. ಅಷ್ಟರಲ್ಲಿ ಅದು ಇದ್ದಕ್ಕಿದ್ದಂತೆ ಮೌನ ತಾಳಿತು. ಚಿತ್ರಗಳಿಲ್ಲ, ಮಾಪನಗಳಿಲ್ಲ.

ಆ ಹೊತ್ತಿಗೆ ಸಂಕೇತಗಳನ್ನು ಹಿಡಿಯುತ್ತಿದ್ದ ಆಸ್ಟ್ರೇಲಿಯದ ಕ್ಯಾನ್‌ಬೆರಾ ಕೇಂದ್ರದ ಬಳಿ ಗುಡುಗು ಮಳೆಯಾಗುತ್ತಿತ್ತು. ‘ದೋಷ ಹವಾಮಾನದ್ದಿರಬಹುದು’ ಎಂದು ಎಂಜಿನಿಯರುಗಳು ಮೊದಲು ಶಂಕಿಸಿದರು. ಮಳೆ ನಿಂತಿತು, ಮೌನ ಮುಂದುವರಿಯಿತು. ಹೊರಗಿನ ಕಾರಣವಲ್ಲವೆಂದ ಮೇಲೆ ಒಳಗಿನದನ್ನೇ ಹುಡುಕಬೇಕು. ಆದರೆ ರೋಗಿ ಇರುವುದು ಕೋಟ್ಯಂತರ ಕಿಲೋಮೀಟರ್ ದೂರದಲ್ಲಿ. ಒಂದು ಪ್ರಶ್ನೆ ಅಲ್ಲಿಗೆ ತಲುಪಲು ಸುಮಾರು 10 ನಿಮಿಷ, ಉತ್ತರ ಬರಲು ಮತ್ತೆ ಅಷ್ಟೇ. ಬಿಚ್ಚಿ ನೋಡುವಂತಿಲ್ಲ, ತಂತಿ ಬದಲಿಸುವಂತಿಲ್ಲ.

ಎರಡು ದಿನಗಳ ನಂತರ ಕ್ಷೀಣವಾದ ಉತ್ತರ ಬಂತು, ಸೆಕೆಂಡಿಗೆ ಕೇವಲ 10 ಬಿಟ್ ವೇಗದಲ್ಲಿ. ಅದರಿಂದ ತಿಳಿದದ್ದು ಇಷ್ಟು: ಬಂಡಿಯ ಗಣಕ ತನ್ನಷ್ಟಕ್ಕೆ ತಾನೇ ನಿಲ್ಲುತ್ತ, ಮತ್ತೆ ಆರಂಭವಾಗುತ್ತ, 60ಕ್ಕೂ ಹೆಚ್ಚು ಬಾರಿ ಹೀಗೆ ಮಾಡಿತ್ತು. ರಾತ್ರಿ ಮಲಗಬೇಕಾದದ್ದು ಮಲಗದೆ ಬ್ಯಾಟರಿಯನ್ನು ಬರಿದು ಮಾಡಿಕೊಳ್ಳುತ್ತಿತ್ತು. ಬೇಗ ಮದ್ದು ಸಿಗದಿದ್ದರೆ ಬಂಡಿಯೇ ಹೋಗುವ ಸಂಭವವಿತ್ತು.

ಇಲ್ಲಿಂದ ಮುಂದೆ ನಡೆದದ್ದು ಪ್ರತಿಯೊಬ್ಬ ವಿಜ್ಞಾನ ವಿದ್ಯಾರ್ಥಿಯೂ ತಿಳಿಯಬೇಕಾದ ತರ್ಕ. ಗಣಕ ಪ್ರತಿ ಬಾರಿಯೂ ಆರಂಭದ ಹಂತದಲ್ಲೇ ಎಡವುತ್ತಿದೆ. ಆರಂಭದಲ್ಲಿ ಅದು ಮಾಡುವ ಮುಖ್ಯ ಕೆಲಸವೆಂದರೆ 256 ಮೆಗಾಬೈಟಿನ ಫ್ಲ್ಯಾಶ್ ಮೆಮೊರಿಯನ್ನು ತೆರೆದು, ಅದರಲ್ಲಿರುವ ಕಡತಗಳ ಪಟ್ಟಿಯನ್ನು ಓದುವುದು. ಹಾಗಾದರೆ ದೋಷ ಅಲ್ಲೇ ಇರಬೇಕಲ್ಲವೇ? ಊಹೆ ಸರಿಯೇ ಎಂದು ನೋಡಲು ಒಂದೇ ದಾರಿ: ಆ ಒಂದು ಅಂಶವನ್ನು ಬಿಟ್ಟು ಉಳಿದುದನ್ನು ನಡೆಸಬೇಕು. ‘ಫ್ಲ್ಯಾಶ್ ಮೆಮೊರಿಯನ್ನು ಮುಟ್ಟದೆ ಆರಂಭವಾಗು’ ಎಂಬ ಆದೇಶ ಹೋಯಿತು. ಗಣಕ ನೆಟ್ಟಗಾಯಿತು!

ಫ್ಲ್ಯಾಶ್ ಚಿಪ್ ಸುಟ್ಟಿತ್ತೇ? ಇಲ್ಲ. ಒಂದು ಗ್ರಂಥಾಲಯವನ್ನು ನೆನೆಸಿಕೊಂಡರೆ ಈ ಭೇದ ತಿಳಿಯುತ್ತದೆ. ಕಪಾಟಿನ ಪುಸ್ತಕಗಳು ಬೇರೆ, ಯಾವ ಪುಸ್ತಕ ಎಲ್ಲಿದೆ ಎಂದು ಬರೆದಿಟ್ಟ ಸೂಚಿ ಬೇರೆ. ಕಂಪ್ಯೂಟರಿನಲ್ಲಿ ಈ ಸೂಚಿಯನ್ನು ಇಟ್ಟು ನಡೆಸುವ ಏರ್ಪಾಡಿಗೆ ಫೈಲ್ ಸಿಸ್ಟಮ್ ಎಂದು ಹೆಸರು. ಸ್ಪಿರಿಟ್ ಏಳು ತಿಂಗಳ ಪಯಣದಲ್ಲೂ ಇಳಿದ ಮೇಲೂ ಸಾವಿರಾರು ಕಡತಗಳನ್ನು ಕೂಡಿಹಾಕಿತ್ತು. ಅವುಗಳ ಸೂಚಿಯನ್ನು ರ‍್ಯಾಮ್ ಎಂಬ ತಾತ್ಕಾಲಿಕ ಮೆಮೊರಿಗೆ ತಂದುಕೊಳ್ಳಬೇಕು. ಸೂಚಿ ಬೆಳೆದು ಬೆಳೆದು, ಅದಕ್ಕೆಂದು ಮೀಸಲಿಟ್ಟ ಜಾಗ ಸಾಲದಾಯಿತು. ಕೆಲಸ ಕೆಟ್ಟಿತು, ಗಣಕ ಮತ್ತೆ ಆರಂಭವಾಯಿತು, ಮತ್ತೆ ಅದೇ ಸೂಚಿಗೆ ಕೈ ಹಾಕಿತು. ಗಾಣದ ಎತ್ತಿನಂತೆ ಅದೇ ಸುತ್ತು.

ಕಾರಣ ತಿಳಿದ ಮೇಲೂ ಎಂಜಿನಿಯರುಗಳು ಆತುರಪಡಲಿಲ್ಲ. ಹಳೆಯ ಕಡತಗಳನ್ನು ಅಳಿಸಿದರು, ಉಳಿದ ಮುಖ್ಯ ಮಾಹಿತಿಯನ್ನು ಭೂಮಿಗೆ ತರಿಸಿಕೊಂಡರು. ಆಮೇಲಷ್ಟೇ, ಫೆಬ್ರವರಿ ಮೊದಲ ವಾರದಲ್ಲಿ, ಫ್ಲ್ಯಾಶ್ ಮೆಮೊರಿಯನ್ನು ‘ಫಾರ್ಮ್ಯಾಟ್’ ಮಾಡಿ ಹೊಸ ಸೂಚಿ ಬರೆದರು. 90 ದಿನಗಳ ಕೆಲಸಕ್ಕೆಂದು ಹೋದ ಬಂಡಿ ಆರು ವರ್ಷಕ್ಕೂ ಹೆಚ್ಚು ದುಡಿಯಿತು. ಅದರ ಕೊನೆಯ ಸಂದೇಶ ಬಂದದ್ದು 2010ರ ಮಾರ್ಚ್ 22ರಂದು.

ಇದರಲ್ಲಿ ಒಂದು ಸ್ವಾರಸ್ಯವಿದೆ. ಸ್ಪಿರಿಟ್ ಬಳಸಿದ್ದು ‘ಡಾಸ್’ ಮಾದರಿಯ ಫೈಲ್ ಸಿಸ್ಟಮ್. ಮಕ್ಕಳ ಜೇಬಿನ ಅನೇಕ ಪೆನ್‌ಡ್ರೈವ್‌ಗಳಲ್ಲಿ, ಕ್ಯಾಮೆರಾ ಕಾರ್ಡುಗಳಲ್ಲಿ ಇರುವುದೂ ಅದೇ ಕುಲದ್ದು. ಬರೆಯುತ್ತಿರುವಾಗ ಕರೆಂಟ್ ಹೋದರೆ, ಪೆನ್‌ಡ್ರೈವನ್ನು ಥಟ್ಟನೆ ಎಳೆದರೆ ಸೂಚಿ ಅರ್ಧಕ್ಕೇ ನಿಲ್ಲುತ್ತದೆ. ಮರುದಿನ ಪ್ರಾಜೆಕ್ಟ್ ಒಪ್ಪಿಸಬೇಕು, ಪರದೆಯ ಮೇಲೆ ಮಾತ್ರ ‘ಇದನ್ನು ಫಾರ್ಮ್ಯಾಟ್ ಮಾಡಬೇಕೇ?’ ಎಂಬ ಪ್ರಶ್ನೆ. ಆಗೇನು ಮಾಡಬೇಕು?

ಮೊದಲನೆಯದಾಗಿ, ‘ಹೌದು’ ಎನ್ನಬಾರದು. ಅದರಲ್ಲಿ ಹೊಸದಾಗಿ ಏನನ್ನೂ ಬರೆಯಲೂಬಾರದು. ಸೂಚಿ ಹರಿದಿದ್ದರೂ ಪುಸ್ತಕಗಳು ಕಪಾಟಿನಲ್ಲೇ ಇರಬಹುದು. ಹೊಸದನ್ನು ಬರೆದರೆ ಹಳೆಯದರ ಜಾಗ ಹೋಗುತ್ತದೆ.

ಎರಡನೆಯದಾಗಿ, ಕ್ಯಾನ್‌ಬೆರಾದ ಮಳೆಯನ್ನು ನೆನೆಯಬೇಕು. ದೋಷ ಹೊರಗಿದೆಯೇ ಎಂದು ಮೊದಲು ನೋಡಬೇಕು. ಬೇರೆ ಕೇಬಲ್, ಬೇರೆ ಕಿಂಡಿ, ಬೇರೆ ಕಂಪ್ಯೂಟರ್ ಪ್ರಯತ್ನಿಸಬೇಕು. ಹಾರ್ಡ್ ಡಿಸ್ಕ್ ಒಳಗಿಂದ ‘ಟಕ್ ಟಕ್’ ಸದ್ದು ಬರುತ್ತಿದ್ದರೆ ಮಾತ್ರ ತಕ್ಷಣ ಆರಿಸಬೇಕು. ಅದು ಸೂಚಿಯ ದೋಷವಲ್ಲ, ಯಂತ್ರದ ದೋಷವಿರುವ ಲಕ್ಷಣ. ಮುಂದಿನ ಕೆಲಸ ಅನುಭವಿಗಳದ್ದು.

ಮೂರನೆಯದಾಗಿ, ಇಡೀ ಡ್ರೈವಿನ ಯಥಾವತ್ ಪ್ರತಿಯನ್ನು ಇನ್ನೊಂದು ದೊಡ್ಡ ಡ್ರೈವಿನಲ್ಲಿ ತೆಗೆದು, ಚಿಕಿತ್ಸೆಯನ್ನೆಲ್ಲ ಆ ಪ್ರತಿಯ ಮೇಲೆ ನಡೆಸಬೇಕು. ‘ಟೆಸ್ಟ್‌ಡಿಸ್ಕ್’, ‘ಫೋಟೋರೆಕ್’ ಎಂಬ ಉಚಿತ ತಂತ್ರಾಂಶಗಳಿವೆ. ಮೊದಲನೆಯದು ಹರಿದ ಸೂಚಿಯನ್ನು ಜೋಡಿಸಲು ನೋಡುತ್ತದೆ, ಎರಡನೆಯದು ಸೂಚಿಯ ಹಂಗಿಲ್ಲದೆ ಕಡತಗಳನ್ನೇ ಗುರುತಿಸಿ ಹೆಕ್ಕುತ್ತದೆ. ವಿಂಡೋಸಿನ ‘ಚೆಕ್‌ಡಿಸ್ಕ್’ ಒಳ್ಳೆಯದೇ, ಆದರೆ ರಿಪೇರಿಗೆ ಹಚ್ಚಿದಾಗ ಅದು ಮೂಲ ಸೂಚಿಯನ್ನೇ ತಿದ್ದಿಬಿಡುತ್ತದೆ. ಪ್ರತಿ ತೆಗೆಯುವ ಮುನ್ನ ಅದನ್ನು ಓಡಿಸುವುದು ಜಾಣತನವಲ್ಲ. ಎಸ್‌ಎಸ್‌ಡಿಗಳ ವಿಷಯ ಬೇರೆ. ಅಳಿಸಿದ ಜಾಗವನ್ನು ಅವು ತಾವಾಗಿಯೇ ಬರಿದು ಮಾಡುವುದುಂಟು. ಆದ್ದರಿಂದ ಅಳಿಸಿದ್ದು ಮರಳಿ ಸಿಗುವ ಆಸೆ ಅಲ್ಲಿ ಕಡಿಮೆ.

ಕಡತಗಳೆಲ್ಲ ಕೈಗೆ ಬಂದ ಮೇಲೆ ಫಾರ್ಮ್ಯಾಟ್. ಪೆನ್‌ಡ್ರೈವ್ ಮತ್ತೆ ಕೆಟ್ಟರೆ ಅದನ್ನು ನಂಬದೆ ಬಿಸಾಡುವುದೇ ಲೇಸು.

ತಂದೆತಾಯಿಯರಿಗೂ ಇಲ್ಲಿ ಒಂದು ಪಾಠವಿದೆ. ಅಜ್ಜಿಯ ಕೊನೆಯ ಚಿತ್ರಗಳಿದ್ದ ಡ್ರೈವ್ ಮಗನ ಕೈಯಲ್ಲಿ ಕೆಟ್ಟಿತೆನ್ನೋಣ. ಬೈಗುಳಕ್ಕೆ ಹೆದರಿದ ಹುಡುಗ ವಿಷಯ ಮುಚ್ಚಿಟ್ಟು, ಸಿಕ್ಕಿದ ತಂತ್ರಾಂಶವನ್ನೆಲ್ಲ ಓಡಿಸಿ, ಉಳಿದಿದ್ದುದನ್ನೂ ಕಳೆಯುತ್ತಾನೆ. ‘ಯಾರು ಕೆಡಿಸಿದ್ದು?’ ಎಂಬ ಪ್ರಶ್ನೆಗೆ ಯಾವ ಕಡತವೂ ಮರಳಿ ಬಂದದ್ದಿಲ್ಲ. ‘ಕೆಡುವ ಮುಂಚೆ ಕೊನೆಯದಾಗಿ ಏನು ನಡೆಯಿತು?’ ಎಂದು ಕೇಳಬೇಕು. ಸ್ಪಿರಿಟ್ ಬಂಡಿಯನ್ನು ಉಳಿಸಿದ್ದೂ ಆ ಪ್ರಶ್ನೆಯೇ.

ಇನ್ನು, ಎಲ್ಲಕ್ಕಿಂತ ಅಗ್ಗದ ಮದ್ದು ಮುಂಚಿನದು. ಬೇಕಾದದ್ದರ ಎರಡನೆಯ ಪ್ರತಿ ಇನ್ನೊಂದು ಕಡೆ ಇರಲಿ. ಅದಕ್ಕೆ ಒಂದು ಗಂಟೆ ಸಾಕು.