ಕುಸ್ತಿಗೆ ಮೊದಲೇ ಕಟ್ಟಿದ ಬಿರುದು

ಶ್ರಾವಣವು ಕಳೆದು ಭಾದ್ರಪದವು ಬಂತೆಂದರೆ ನಮ್ಮ ಮೈಸೂರಿನಲ್ಲಿ ಭವಿಷ್ಯ ಹೇಳುವವರಿಗೆ ಕಡಮೆಯಿಲ್ಲ. ಕಾಡಿನಿಂದ ಬಂದ ಆನೆಗಳನ್ನು ತೂಕಕ್ಕೆ ನಿಲ್ಲಿಸಿದೊಡನೆ, ಯಾವುದು ಎಷ್ಟು ತೂಗಿತು, 750 ಕಿಲೋ ಭಾರದ ಅಂಬಾರಿಯನ್ನು ಮುಂದೊಂದು ದಿನ ಹೊರತಕ್ಕದ್ದು ಯಾವುದು ಎಂಬ ಚರ್ಚೆಯು ಒಂದು ಕಡೆ. ಈ ಸಲದ ‘ದಸರಾ ಕಂಠೀರವ’ನು ಯಾವನಾಗುವನೆಂಬ ಚರ್ಚೆಯು ಮತ್ತೊಂದು ಕಡೆ. ನಜರ್‌ಬಾದಿನ ಕಡೆ ಒಂದು ಲೋಟ ಕಾಫಿಗೆಂದು ಕುಳಿತರೆ ಸಾಕು, ಮೂವರು ಮೂರು ಹೆಸರುಗಳನ್ನು ಹೇಳಿ, ನಾಲ್ಕನೆಯವನು ಮೂವರನ್ನೂ ತಳ್ಳಿಹಾಕುವುದನ್ನು ಕೇಳಬಹುದು. ಇವರಲ್ಲಿ ಹೆಚ್ಚಿನವರು ಗರಡಿಯ ಹೊಸ್ತಿಲನ್ನು ತುಳಿದವರಲ್ಲ. ನಾವೂ ತುಳಿದವರಲ್ಲ, ಆದರೂ ನಾವೂ ಹೇಳಿದ್ದೇವೆ. ಅದರ ಕಥೆಯನ್ನು ಮುಂದೆ ಅರಿಕೆ ಮಾಡುತ್ತೇವೆ.

ಈ ಚಾಪಲ್ಯವು ನಮ್ಮೂರಿಗೆ ಮಾತ್ರ ಸೇರಿದ್ದೆಂದು ನಾವು ತಿಳಿದಿದ್ದೆವು. ಅಮೆರಿಕದಲ್ಲಿ ಓದುತ್ತಿರುವ ನಮ್ಮ ಅಕ್ಕನ ಮೊಮ್ಮಗನು ಆ ಭ್ರಾಂತಿಯನ್ನು ಕಳೆದನು. ಅಲ್ಲಿಯ ಕಾಲೇಜುಗಳು ಫುಟ್‌ಬಾಲ್ ಎಂದು ಕರೆದು ಹೆಚ್ಚಾಗಿ ಕೈಯಲ್ಲೇ ಆಡುವ ಆಟವೊಂದುಂಟಷ್ಟೆ. ಅದರಲ್ಲಿ ಅತ್ಯುತ್ತಮನಾದವನಿಗೆ 1935ರಿಂದ ಒಂದು ಪಾರಿತೋಷಕವನ್ನು ಕೊಡುತ್ತಾರೆ. ಹೈಸ್‌ಮನ್ ಪಾರಿತೋಷಕವೆಂದು ಅದರ ಹೆಸರು. ಕೊಡುವುದು ಡಿಸೆಂಬರಿನಲ್ಲಿ. ಆದರೆ ಚೆಂಡು ಇನ್ನೂ ಮೈದಾನವನ್ನು ಕಾಣದಿರುವಾಗ, ಆಗಸ್ಟಿನಲ್ಲಿಯೇ, ಅದು ಯಾರಿಗೆ ಸಲ್ಲುವುದೆಂದು ಪತ್ರಿಕೆಗಳು ಪಟ್ಟಿಗಳನ್ನು ಅಚ್ಚುಮಾಡುತ್ತವೆಯಂತೆ. 1997ರಲ್ಲಿ ಟೆನೆಸಿಯ ಪೇಟನ್ ಮ್ಯಾನಿಂಗ್ ಎಂಬ ತರುಣನ ಹೆಸರು ಹೀಗೆ ಮೊದಲೇ ಎಲ್ಲರ ಬಾಯಲ್ಲಿತ್ತು. ತಂದೆಯೂ ಹೆಸರಾಂತ ಆಟಗಾರ; ನಮ್ಮ ಮಾತಿನಲ್ಲಿ ಹೇಳುವುದಾದರೆ ದೊಡ್ಡ ಗರಡಿಯ ಮಗ. ಡಿಸೆಂಬರಿನಲ್ಲಿ ಬಿರುದು ಸಂದದ್ದು ಮಿಷಿಗನ್ನಿನ ಚಾರ್ಲ್ಸ್ ವುಡ್‌ಸನ್ನನಿಗೆ. ಮುಖ್ಯವಾಗಿ ಎದುರಾಳಿಗಳನ್ನು ತಡೆಯುವ ಕೆಲಸದವನಿಗೆ ಆ ಗೌರವವು ಅದುವರೆಗೆ ಸಂದಿರಲೇ ಇಲ್ಲವಾದ್ದರಿಂದ, ಅವನ ಕಡೆ ನೋಡಬೇಕೆಂಬುದು ಮೊದಲಲ್ಲಿ ಬಹುಮಂದಿಗೆ ತೋರಿರಲಿಲ್ಲ.

ನಮ್ಮ ಭವಿಷ್ಯವಾದಿಗಳ ಪ್ರಮಾಣಗಳೂ ಇಂಥವೇ: ತಂದೆಯ ಹೆಸರು, ಗರಡಿಯ ಹೆಸರು, ಭಿತ್ತಿಪತ್ರದಲ್ಲಿ ಕಾಣುವ ತೋಳಿನ ಸುತ್ತಳತೆ. ಇದರಲ್ಲಿ ಒಂದು ಸೋಜಿಗವುಂಟು. ಆ ಬಿರುದಿನಲ್ಲಿ ಯಾರ ಹೆಸರಿದೆ? 1638ರಿಂದ 1659ರವರೆಗೆ ಶ್ರೀರಂಗಪಟ್ಟಣದಲ್ಲಿ ಆಳಿದ ಕಂಠೀರವ ನರಸರಾಜ ಒಡೆಯರದು. ಅವರು ಪಟ್ಟಕ್ಕೆ ಬರುವ ಮುನ್ನ ವೇಷ ಮರೆಸಿಕೊಂಡು ತಿರುಚಿರಾಪಳ್ಳಿಗೆ ಹೋದರೆಂದೂ, ಅಲ್ಲಿಯ ಜಟ್ಟಿಯೊಬ್ಬನು ಊರ ಬಾಗಿಲಿಗೆ ತನ್ನ ಚಲ್ಲಣವನ್ನು ತೂಗಹಾಕಿ ಬಂದವರೆಲ್ಲರೂ ಅದರ ಕೆಳಗೆ ನುಸುಳುವಂತೆ ಮಾಡಿದ್ದನೆಂದೂ, ಅದನ್ನು ಸಹಿಸದೆ ಅವನನ್ನು ಕಣದಲ್ಲಿ ಕೆಡಹಿದರೆಂದೂ ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಅಂದು ತಿರುಚಿರಾಪಳ್ಳಿಯಲ್ಲಿ ಕಾಫಿಯ ಅಂಗಡಿಯೊಂದು ಇದ್ದಿದ್ದರೆ, ಅಲ್ಲಿ ಕುಳಿತವರು ಈ ಹೆಸರಿಲ್ಲದ ಪರದೇಶಿಯ ಮೇಲೆ ಒಂದು ಕಾಸನ್ನಾದರೂ ಕಟ್ಟುತ್ತಿದ್ದರೆ? ವಿರಾಟನಗರದ ಉತ್ಸವದಲ್ಲಿ ಜೀಮೂತನೆಂಬ ಮಲ್ಲನನ್ನು ಎತ್ತಿ ಗಿರಗಿರನೆ ತಿರುಗಿಸಿದವನೂ ಅಡುಗೆಮನೆಯಿಂದ ಬಂದ ವಲಲನೇ ಅಲ್ಲವೆ!

ಊಹೆಯನ್ನು ನಿಜವಾಗಿ ಬಲ್ಲವರು ಬೇರೆ ಇದ್ದಾರೆ. ಬಿರುದಿನ ಸ್ಪರ್ಧೆಯಲ್ಲಿ ತೂಕದ ವರ್ಗಗಳುಂಟು. ಸೋತವನು ಹೊರಗೆ, ಗೆದ್ದವನು ಮುಂದಿನ ಸುತ್ತಿಗೆ. ಮಣ್ಣಿನ ಮೇಲಿನ ನಾಡಕುಸ್ತಿಯ ಪದ್ಧತಿಯು ಹಾಗಲ್ಲ. ಅಲ್ಲಿ ದಸರೆಗೆ ಕೆಲವು ದಿನಗಳ ಮುಂಚೆ ‘ಜೋಡಿ ಕಟ್ಟುವುದು’ ಎಂಬ ಕಾರ್ಯವೊಂದು ನಡೆಯುತ್ತದೆ. ಊರೂರಿನ ಪೈಲ್ವಾನರು ಬಂದು ನಿಲ್ಲುತ್ತಾರೆ. ಕಿವಿಗಳು ಜಜ್ಜಿ ಮುದುಡಿದ ಹಳೆಯ ಉಸ್ತಾದರು ಅವರ ವಯಸ್ಸು, ತೂಕ, ಹಿಂದೆ ಆಡಿದ ಕುಸ್ತಿಗಳು, ನಿಂತಿರುವ ರೀತಿ ಇವೆಲ್ಲವನ್ನೂ ನೋಡಿ, ಇವನಿಗೆ ಇವನೆಂದು ಇಬ್ಬರ ಕೈಗಳನ್ನು ಕೂಡಿಸುತ್ತಾರೆ. ಕೆಲವೊಮ್ಮೆ ಒಬ್ಬನು ಒಲ್ಲೆನೆನ್ನುವುದೂ, ಅವನ ಗರಡಿಯವರು ವಾದಕ್ಕೆ ನಿಲ್ಲುವುದೂ ಉಂಟು. ಮಥುರೆಯ ಸಭೆಯಲ್ಲಿ ಬೆಟ್ಟದಂಥ ಚಾಣೂರನಿಗೆ ಬಾಲಕೃಷ್ಣನನ್ನು ಎದುರಿಟ್ಟುದನ್ನು ಕಂಡು ಸ್ತ್ರೀಯರು ಇದು ಅಧರ್ಮವೆಂದು ಮರುಗಿದರೆಂದು ಭಾಗವತವು ಹೇಳುತ್ತದೆ. ಜೋಡಿ ಕಟ್ಟುವವರ ಭಯವೂ ಅದೇ. ಎದುರಾಳಿಯ ಬೆನ್ನು ಮಣ್ಣಿಗೆ ತಾಗಿ ಚಿತ್ ಆದರೆ ಗೆಲುವು. ಕೊಟ್ಟ ಹೊತ್ತಿನಲ್ಲಿ ಯಾರೂ ಚಿತ್ ಆಗದಿದ್ದರೆ ಸಮ. ಹಾಗೆ ಸಮವಾದಾಗ ಪ್ರೇಕ್ಷಕರು ಗೊಣಗುತ್ತಾರೆ, ಉಸ್ತಾದರು ಮೀಸೆಯಡಿಯಲ್ಲಿ ನಗುತ್ತಾರೆ.

ಇನ್ನು ನಮ್ಮ ಕಥೆ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮಲ್ಲಿ ಓದಿದ ಹುಡುಗನೊಬ್ಬನಿದ್ದನು. ಹಾಲು ಮಾರುವವರ ಮನೆಯವನು. ಬೆಳಗ್ಗೆ ಗರಡಿಯಲ್ಲಿ ಸಾಮು ಮುಗಿಸಿ ನೇರವಾಗಿ ಬರುತ್ತಿದ್ದುದರಿಂದ ಮೊದಲನೆಯ ಪಾಠದಲ್ಲಿ ಅವನ ಕಿವಿಯ ಹಿಂದೆ ಕೆಮ್ಮಣ್ಣು ಇದ್ದೇ ಇರುತ್ತಿತ್ತು. ‘ರಾಮ’ ಶಬ್ದದ ಷಷ್ಠೀ ಬಹುವಚನವನ್ನು ಅವನಿಂದ ಹೇಳಿಸಲು ನಾವು ಪಟ್ಟ ಪಾಡನ್ನು ಇಲ್ಲಿ ಬರೆಯುವುದಿಲ್ಲ. ಅವನಿಗೆ ಹತ್ತೊಂಬತ್ತು ತುಂಬಿದ ವರ್ಷ, ದಸರೆಗೆ ತಿಂಗಳಿರುವಾಗ, ಬೀದಿಯ ನಾಲ್ಕು ಜನರೆದುರಿಗೆ ಅವನ ಬೆನ್ನು ತಟ್ಟಿ, “ಈ ಸಲ ಬಿರುದು ನಿನ್ನದೇ ಕಣಪ್ಪ” ಎಂದುಬಿಟ್ಟೆವು. ಮೇಷ್ಟ್ರು ಹೇಳಿದ ಮೇಲೆ ಕೇಳತಕ್ಕದ್ದೇನು? ಬೀದಿಯವರು ಚಂದಾ ಎತ್ತಿ, ಹೆಸರಿನ ಹಿಂದೆ ಬಿರುದನ್ನೂ ಸೇರಿಸಿ, ಒಂದು ದೊಡ್ಡ ಬಟ್ಟೆಯ ಫಲಕವನ್ನು ಬರೆಸಿ ಅವನ ಮನೆಯ ಮುಂದೆಯೇ ಕಟ್ಟಿದರು. ಹಾಲು ತೆಗೆದುಕೊಳ್ಳುವವರೆಲ್ಲರೂ ಅವನ ತಾಯಿಯನ್ನು ಸಿಹಿ ಯಾವಾಗವೆಂದು ಕೇಳತೊಡಗಿದರು.

ಹುಡುಗನು ಎರಡನೆಯ ಸುತ್ತಿನಲ್ಲಿಯೇ ಸೋತನು. ಆ ರಾತ್ರಿ ಹಿತ್ತಲ ಓಣಿಯಿಂದ ಮನೆಗೆ ಬಂದನಂತೆ, ಮುಂಬಾಗಿಲಲ್ಲಿ ಆ ಫಲಕವಿತ್ತಲ್ಲ! ಅನಂತರ ಎರಡು ವರ್ಷ ಗರಡಿಯ ಕಡೆ ಸುಳಿಯಲಿಲ್ಲ. ನಾವು ಸಮಾಧಾನ ಹೇಳಲು ಹೋದಾಗ ಅವನು ತಲೆ ತಗ್ಗಿಸಿಯೇ ಹೇಳಿದನು: “ಸೋತದ್ದಕ್ಕೆ ಏನೂ ಇಲ್ಲ ಮೇಷ್ಟ್ರೇ. ಬೀಳೋದನ್ನ ಗರಡೀಲಿ ದಿನಾ ಕಲಿಸ್ತಾರೆ. ನನ್ನದಲ್ಲದ್ದನ್ನ ಎಲ್ಲರ ಮುಂದೆ ವಾಪಸು ಕೊಡಬೇಕಾಯ್ತಲ್ಲ, ಅದನ್ನ ಯಾರೂ ಕಲಿಸಿರಲಿಲ್ಲ.” ಕೊಟ್ಟಿಗೆಯ ಮಾಡು ಸೋರುತ್ತಿತ್ತೆಂದು ಅವನ ತಾಯಿ ಆ ಬಟ್ಟೆಯನ್ನು ಅದರ ಮೇಲೆ ಹೊದಿಸಿದ್ದರು. ಅಕ್ಷರಗಳ ಮಗ್ಗುಲು ಒಳಗಡೆಗಿತ್ತು. ಹಸುಗಳು ಮಾತ್ರ ಓದಬಹುದಾಗಿತ್ತು.

ಅವನು ಮರಳಿ ಗರಡಿಗೆ ಹೋದದ್ದು ನಮ್ಮ ಸಮಾಧಾನದಿಂದಲ್ಲ. ಅವನ ಉಸ್ತಾದರು ಒಂದು ಬೆಳಗ್ಗೆ ಬಂದು, ಮಟ್ಟಿಯನ್ನು ಅಗೆಯಲು ಆಳಿಲ್ಲವೆಂದು ಕರೆದುಕೊಂಡು ಹೋದುದರಿಂದ. ಬಿರುದು ಕೊನೆಗೂ ಬರಲಿಲ್ಲ. ಈಗ ಅವನಿಗೆ ನಲವತ್ತು ಕಳೆದಿದೆ, ಕೈಕೆಳಗೆ ಹತ್ತಾರು ಹುಡುಗರಿದ್ದಾರೆ, ಜೋಡಿ ಕಟ್ಟುವ ಹಿರಿಯರ ಸಾಲಿನಲ್ಲಿ ಅವನೂ ಕುಳಿತುಕೊಳ್ಳುತ್ತಾನೆ. ಮೊನ್ನೆ ದೇವರಾಜ ಮಾರುಕಟ್ಟೆಯಲ್ಲಿ ಸಿಕ್ಕಿದಾಗ, ಹಳೆಯ ಚಾಪಲ್ಯವು ಬಿಡದೆ, ಈ ಸಲ ಯಾರಪ್ಪಾ ಎಂದು ಕೇಳಿದೆವು. “ಹೇಳೋಕಾಗೋ ಹಾಗಿದ್ದರೆ ಅಂಥಾ ಜೋಡೀನ ನಾವು ಕಟ್ತೀವಾ ಮೇಷ್ಟ್ರೇ?” ಎಂದು ನಕ್ಕು, ನಮ್ಮ ಕೈಯ ತರಕಾರಿಯ ಚೀಲವನ್ನು ತಾನೇ ತೆಗೆದುಕೊಂಡನು. ದೊಡ್ಡಕೆರೆ ಮೈದಾನದ ಕಡೆಯ ಗಾಡಿ ಸಿಗುವವರೆಗೂ ತನ್ನ ಹುಡುಗರಲ್ಲಿ ಒಬ್ಬನ ವಿಷಯವಾಗಿ ಬಹಳ ಹೊತ್ತು ಮಾತನಾಡಿದನು. ಹೆಸರನ್ನು ಮಾತ್ರ ಹೇಳಲಿಲ್ಲ, ನಾವೂ ಕೇಳಲಿಲ್ಲ.