ಮಾರಾಟದೊಂದಿಗೆ ಮುಗಿಯದ ಲೆಕ್ಕ

ವಸ್ತುವೊಂದರ ಬೆಲೆಯನ್ನು ನಿಷ್ಕರ್ಷಿಸುವಾಗ ಕಾರ್ಖಾನೆಯು ಕಚ್ಚಾಸಾಮಗ್ರಿ, ಕೂಲಿ, ಸಾಗಾಣಿಕೆ, ಲಾಭಗಳನ್ನು ಗಣಿಸುತ್ತದೆ. ಯಂತ್ರಗಳ ಸವಕಳಿಯನ್ನೂ ಮರೆಯುವುದಿಲ್ಲ. ಆದರೆ ಆ ವಸ್ತು ನಿರುಪಯುಕ್ತವಾದ ಬಳಿಕ ಅದರ ಗತಿಯೇನು ಎಂಬ ಬಾಬ್ತು ಬಹುಕಾಲ ಯಾವ ಲೆಕ್ಕಪತ್ರದಲ್ಲಿಯೂ ಇರಲಿಲ್ಲ. ಆ ಖರ್ಚನ್ನು ತೆತ್ತವರು ಹೆಚ್ಚಾಗಿ ಆ ವಸ್ತುವನ್ನು ಎಂದೂ ಕೊಳ್ಳದ ಬಡವರು.

ಮನೆಯ ಇನ್ವರ್ಟರಿನ ಬ್ಯಾಟರಿಯೇ ಇದಕ್ಕೆ ನಿದರ್ಶನ. ಸಾಮಾನ್ಯವಾಗಿ ಅದರೊಳಗಿರುವುದು ಸೀಸದ ಫಲಕಗಳು ಮತ್ತು ಗಂಧಕಾಮ್ಲ. ಕೆಲವು ವರ್ಷಗಳಲ್ಲಿ ಬ್ಯಾಟರಿಯ ಆಯುಸ್ಸು ತೀರುತ್ತದೆ, ಸೀಸದ್ದು ತೀರುವುದಿಲ್ಲ. ಅದನ್ನು ಕರಗಿಸಿ, ಶುದ್ಧಗೊಳಿಸಿ, ಮತ್ತೆ ಮತ್ತೆ ಹೊಸ ಫಲಕಗಳನ್ನು ಮಾಡಬಹುದು. ಅಷ್ಟರಮಟ್ಟಿಗೆ ಗಣಿಯ ಅಗೆತ ಉಳಿಯುತ್ತದೆ. ಆದರೆ ಸೀಸವು 327 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುವುದರಿಂದ, ನಗರದ ಅಂಚಿನ ತಗಡಿನ ಶೆಡ್ಡಿನಲ್ಲಿ ಇದ್ದಿಲ ಒಲೆಯೊಂದಿದ್ದರೂ ಈ ಕೆಲಸ ಸಾಗುತ್ತದೆ. ಅಲ್ಲಿ ಆಮ್ಲವು ಚರಂಡಿ ಸೇರುತ್ತದೆ. ಹೊಗೆ ಧೂಳುಗಳು ನೆರೆಯ ಮಕ್ಕಳ ಶ್ವಾಸ ಸೇರುತ್ತವೆ. ಸೀಸವು ಎಲುಬುಗಳಲ್ಲಿ ಶೇಖರವಾಗುತ್ತದೆ, ಎಳೆಯ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಅದರ ಅಪಾಯರಹಿತ ಪ್ರಮಾಣವೆಂಬುದೇ ತಿಳಿದಿಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ.

ಈ ವಿಷದ ಕಡೆಗೆ ದೇಶದ ಗಮನ ಸೆಳೆದವರಲ್ಲಿ ಬೆಂಗಳೂರಿನ ಡಾ. ತುಪ್ಪಿಲ್ ವೆಂಕಟೇಶ್ ಪ್ರಮುಖರು. 2000ದಲ್ಲಿ ದೇಶದ ವಾಹನಗಳ ಪೆಟ್ರೋಲು ಸೀಸರಹಿತವಾಯಿತು. ಹಳೆಯ ಬ್ಯಾಟರಿಗಳನ್ನು ಹಿಂಪಡೆಯಬೇಕೆಂಬ ನಿಯಮ 2001ರಲ್ಲಿ ಬಂತು. 2022ರ ನಿಯಮಗಳು ತಯಾರಕನ ಹೊಣೆಯನ್ನು ಹಿಗ್ಗಿಸಿ, ಹೊಸ ಬ್ಯಾಟರಿಯಲ್ಲಿ ಮರುಬಳಕೆಯ ಸಾಮಗ್ರಿಯ ನಿಗದಿತ ಪಾಲಿರಬೇಕೆಂದೂ ವಿಧಿಸಿದವು. ಉತ್ಪಾದನೆಯ ಆದಿಯಲ್ಲಿಯೇ ವಸ್ತುವಿನ ಅಂತ್ಯವನ್ನು ಯೋಚಿಸುವಂತೆ ಮಾಡುವ ಈ ಕ್ರಮ ಸರ್ವಥಾ ಯೋಗ್ಯವಾದುದು. ಇದರಿಂದ ಬೆಲೆ ಏರುವುದೆಂಬ ಆಕ್ಷೇಪವುಂಟು. ವಾಸ್ತವವಾಗಿ, ಪರರ ತಲೆಯ ಮೇಲಿದ್ದ ಖರ್ಚು ತನ್ನ ನಿಜವಾದ ಖಾತೆಗೆ ವರ್ಗವಾಗುತ್ತದೆ, ಅಷ್ಟೆ.

ಆದರೆ ನಿಯಮವೊಂದೇ ಸಾಲದು. ಹೊಗೆಯನ್ನು ಸೋಸುವ, ಆಮ್ಲವನ್ನು ಶಮನಗೊಳಿಸುವ ವೆಚ್ಚ ಹೊರುವ ನೋಂದಾಯಿತ ಕಾರ್ಖಾನೆಗಿಂತ, ಅದಾವುದನ್ನೂ ಮಾಡದ ಶೆಡ್ಡು ಹಳೆಯ ಬ್ಯಾಟರಿಗೆ ಹೆಚ್ಚು ಹಣ ಕೊಡಬಲ್ಲದು. ಪೈಪೋಟಿಯ ಗುಟ್ಟು ಇಲ್ಲಿದೆ. ಅಧಿಕಾರಿಗಳ ತಪಾಸಣೆ ಬಿಗಿಯಾಗಬೇಕಾದುದೂ ಇಲ್ಲಿಯೇ.

ಮುಂಬಯಿಯಲ್ಲಾಗಲಿ ದಿಲ್ಲಿಯಲ್ಲಾಗಲಿ ನೆಲೆಸಿದ ಕನ್ನಡಿಗ ಕುಟುಂಬಕ್ಕೂ ಇದರಲ್ಲಿ ಪಾಲುಂಟು. ಹಳೆಯ ಬ್ಯಾಟರಿಯನ್ನು ಬಾಗಿಲಿಗೆ ಬಂದ ಗುಜರಿಯವನಿಗೆ ಕೊಡದೆ, ಅಧಿಕೃತ ಮಾರಾಟಗಾರನಿಗೆ ಒಪ್ಪಿಸಿ ರಸೀದಿ ಪಡೆಯುವುದು ಲೇಸು. ಕೈಗೆ ಬರುವ ಹಣ ತುಸು ಕಡಿಮೆಯಾದೀತು. ಆದರೆ ಗುಜರಿಯಿಂದ ದೊರೆಯುವ ಆ ಹೆಚ್ಚಿನ ಹಣ ಲಾಭವಲ್ಲ. ಯಾವುದೋ ಮಗುವಿನ ಹೆಸರಿನಲ್ಲಿ ಬರೆದ ಸಾಲ.