ಪ್ರೀಮಿಯಂ ನೋಡಬೇಡಿ, ಡಿಸ್ಚಾರ್ಜ್ ದಿನ ಕೈಯಿಂದ ಹೋಗುವ ದುಡ್ಡು ನೋಡಿ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಚೀಲ ಹಿಡಿದು ಓಡಾಡುವ ಹಿರಿಯರಲ್ಲಿ ಮೂರು ಬಗೆಯ ನಿವೃತ್ತರಿದ್ದಾರೆ. ಸರ್ಕಾರಿ ಪಿಂಚಣಿ ಪಡೆಯುವವರು ಒಂದು ಬಗೆ. ಭದ್ರಾವತಿಯ ಕಾರ್ಖಾನೆಗಳಲ್ಲಿ ದುಡಿದು ಬಂದವರು ಇನ್ನೊಂದು ಬಗೆ. ಮೂರನೆಯವರು ಇದೇ ಬಜಾರಿನ ಬಟ್ಟೆ ಅಂಗಡಿ, ದಿನಸಿ ಅಂಗಡಿಗಳಲ್ಲಿ ಮೂವತ್ತು ನಲವತ್ತು ವರ್ಷ ನಿಂತೇ ಕೆಲಸ ಮಾಡಿದವರು. ಈ ಮೂರನೆಯವರನ್ನು ಯಾರೂ ನಿವೃತ್ತರು ಅನ್ನುವುದಿಲ್ಲ. "ಅವರು ಈಗ ಅಂಗಡಿಗೆ ಬರ್ತಿಲ್ಲ" ಅನ್ನುತ್ತಾರೆ, ಅಷ್ಟೆ.

ಮೂವರಿಗೂ ಬರುವ ಕಾಯಿಲೆಗಳು ಅವೇ: ಬಿಪಿ, ಶುಗರ್, ಮಂಡಿ ಸವೆತ, ಕಣ್ಣಿನ ಪೊರೆ, ಎದೆನೋವು. ಬಿಲ್ ಕಟ್ಟುವ ದಾರಿ ಮಾತ್ರ ಬೇರೆ ಬೇರೆ. ಆದ್ದರಿಂದ "ಯಾವ ಕಂಪನಿಯ ಹೆಲ್ತ್ ಇನ್ಶೂರೆನ್ಸ್ ಒಳ್ಳೇದು?" ಎಂಬ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರ ಹೇಳುವುದು ಮೋಸ. ನಮ್ಮ ಅಭಿಪ್ರಾಯ ಇಷ್ಟು: ಮೊದಲು ನಿಮಗೆ ಹಕ್ಕಿನಿಂದ ಬರುವುದನ್ನು ಎಣಿಸಿ, ಆಮೇಲೆ ಅಗ್ಗದಲ್ಲಿ ಸಿಗುವುದನ್ನು ಸೇರಿಸಿ, ಕೊನೆಗೆ ಕಂಪನಿ ಪಾಲಿಸಿ ಹುಡುಕಿ. ನಮ್ಮಲ್ಲಿ ಬಹಳ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ.

ರೇಷನ್ ಕಾರ್ಡ್‌ನಿಂದ ಶುರು ಮಾಡಿ

2018ರಿಂದ ನಡೆಯುತ್ತಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕಾರ್ಡ್ ಇದ್ದರೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ 30 ಮಾತ್ರ. ಅದಕ್ಕೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ ಇದೆ. ಅಂದರೆ 1 ಲಕ್ಷದ ಪ್ಯಾಕೇಜಿಗೆ 70 ಸಾವಿರ ನಿಮ್ಮದೇ. "ನಮ್ಮ ಹತ್ರ ಆಯುಷ್ಮಾನ್ ಕಾರ್ಡ್ ಇದೆ" ಎಂದು ನಿಶ್ಚಿಂತೆಯಿಂದ ಇರುವ ಎಪಿಎಲ್‌ನವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ.

ಇನ್ನೊಂದು ಮಾತು. ತುರ್ತು ಚಿಕಿತ್ಸೆ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಪತ್ರ ಕೊಡುತ್ತಾರೆ. ಮೆಗ್ಗಾನ್ ಆಸ್ಪತ್ರೆ ರಶ್ಶು ಎಂದು ನೇರವಾಗಿ ಖಾಸಗಿಗೆ ಹೋಗಿ, ಆಮೇಲೆ ಕಾರ್ಡ್ ತೋರಿಸಿದರೆ ಪ್ರಯೋಜನವಿಲ್ಲ.

70 ದಾಟಿದವರಿಗೆ ಆದಾಯದ ಲೆಕ್ಕವಿಲ್ಲದೆ 5 ಲಕ್ಷದ 'ಆಯುಷ್ಮಾನ್ ವಯ ವಂದನಾ' ಕಾರ್ಡನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಆರಂಭಿಸಿತು. ಅದರ ಭರವಸೆಯ ಮೇಲೆ ಇರುವ ಪಾಲಿಸಿ ಬಿಡುವ ಮೊದಲು, ನೀವು ಹೋಗುವ ಆಸ್ಪತ್ರೆಯಲ್ಲಿ ಆ ಕಾರ್ಡ್ ನಡೆಯುತ್ತದೆಯೇ ಎಂದು ಅಲ್ಲಿನ ಆರೋಗ್ಯಮಿತ್ರರನ್ನು ಕೇಳಿ. ಮೊಬೈಲಿನಲ್ಲಿ ಕಾರ್ಡ್ ಬಂದಿದ್ದಷ್ಟೇ ಸಾಲದು.

ಡೇರಿ, ಸೊಸೈಟಿ ಸದಸ್ಯತ್ವ ಕಡೆಗಣಿಸಬೇಡಿ

ಊರಿನ ಹಾಲಿನ ಡೇರಿಯಲ್ಲೋ ಸಹಕಾರ ಸಂಘದಲ್ಲೋ ಸದಸ್ಯರಾಗಿದ್ದರೆ ಯಶಸ್ವಿನಿ ಯೋಜನೆ ಇದೆ. ನಾಲ್ಕು ಜನರ ಕುಟುಂಬಕ್ಕೆ ಹಳ್ಳಿಯಲ್ಲಿ ವರ್ಷಕ್ಕೆ 500 ರೂ., ಪಟ್ಟಣದಲ್ಲಿ 1,000 ರೂ. ಚಿಕಿತ್ಸೆಯ ಮಿತಿ 5 ಲಕ್ಷ. 2018ರಲ್ಲಿ ನಿಂತಿದ್ದ ಇದು 2023ರ ಜನವರಿಯಿಂದ ಮತ್ತೆ ಜಾರಿಗೆ ಬಂತು. ನೋಂದಣಿಗೆ ವರ್ಷಕ್ಕೊಮ್ಮೆ ಗಡುವು ಕೊಡುತ್ತಾರೆ. ಅದು ತಪ್ಪಿದರೆ ಆ ವರ್ಷ ಹೋಯಿತು. ಎಪಿಎಲ್ ಕಾರ್ಡಿನ ರೈತ ಕುಟುಂಬದ ಹಿರಿಯರಿಗೆ ಇಷ್ಟು ಕಡಿಮೆ ದುಡ್ಡಿಗೆ ಇದಕ್ಕಿಂತ ದೊಡ್ಡ ರಕ್ಷಣೆ ನಮಗೆ ಕಾಣುತ್ತಿಲ್ಲ.

ಭದ್ರಾವತಿ ಕಲಿಸಿದ್ದು

ಭದ್ರಾವತಿಯ ವಿಐಎಸ್‌ಎಲ್ ಕೇಂದ್ರ ಸರ್ಕಾರದ ಸೇಲ್ ಕಂಪನಿಗೆ ಸೇರಿದ್ದು. ಸೇಲ್‌ನ ನಿವೃತ್ತರಿಗೂ ಅವರ ಪತಿ ಅಥವಾ ಪತ್ನಿಗೂ ಗುಂಪು ಮೆಡಿಕ್ಲೇಮ್ ಯೋಜನೆ ಇದೆ. ಅದನ್ನು ವರ್ಷ ವರ್ಷ ನವೀಕರಿಸಬೇಕು. ಇದೇ ಊರಿನ ಎಂಪಿಎಂ ಕಾಗದ ಕಾರ್ಖಾನೆ ರಾಜ್ಯ ಸರ್ಕಾರದ್ದು. 2015ರಲ್ಲಿ ಅಲ್ಲಿ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಅನ್ನೂ ಮುಚ್ಚುವ ತೀರ್ಮಾನವಾಗಿ, ಕಾರ್ಮಿಕರ ಹೋರಾಟದ ನಂತರ ಅದೇ ವರ್ಷ ಮತ್ತೆ ಕೆಲಸ ಶುರುವಾಯಿತು.

ಇದರಿಂದ ನಾವು ಕಲಿಯಬೇಕಾದದ್ದು: ಗುಂಪು ವಿಮೆ ಒಳ್ಳೆಯದೇ, ಹಳೆಯ ಕಾಯಿಲೆ ಇದ್ದವರಿಗಂತೂ ವರವೇ. ಆದರೆ ಅದರ ಕೀಲಿಕೈ ಕಂಪನಿಯ ಕೈಯಲ್ಲಿರುತ್ತದೆ. ಖಾಸಗಿ ಕೆಲಸದಿಂದ ನಿವೃತ್ತರಾಗುವವರು, ಸ್ವಯಂ ನಿವೃತ್ತಿ ತೆಗೆದುಕೊಳ್ಳುವವರು ಗುಂಪು ಪಾಲಿಸಿ ಮುಗಿಯುವ ಮೊದಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಡಿ ಎಂದು ಬರೆದು ಕೇಳಿ. ಗುಂಪಿನಲ್ಲಿ ಕಳೆದ ವರ್ಷಗಳು ಆಗ ಕಾಯುವ ಅವಧಿಯಲ್ಲಿ ಲೆಕ್ಕಕ್ಕೆ ಬರುತ್ತವೆ. ಒಮ್ಮೆ ಹೊರಬಿದ್ದ ಮೇಲೆ ಮತ್ತೆ ಮೊದಲಿನಿಂದ ಕಾಯಬೇಕು.

ಪಾಲಿಸಿ ಕೊಳ್ಳುವವರು ಕೇಳಬೇಕಾದದ್ದು

65 ದಾಟಿದವರಿಗೆ ಪಾಲಿಸಿ ಸಿಗುವುದಿಲ್ಲ ಎಂಬ ಮಾತು ಹಳೆಯದಾಯಿತು. 2024ರ ಏಪ್ರಿಲ್‌ನಿಂದ ವಿಮಾ ಪ್ರಾಧಿಕಾರ ಆ ವಯಸ್ಸಿನ ಗೆರೆಯನ್ನು ತೆಗೆದಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗೆ ಶೇ 18ರ ಜಿಎಸ್‌ಟಿಯೂ ಇಲ್ಲ. 60 ದಾಟಿದವರ ಪ್ರೀಮಿಯಂ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ಪ್ರಾಧಿಕಾರದ ಜೊತೆ ಮಾತಾಡಬೇಕು. ಇಷ್ಟಾದರೂ ಏಜೆಂಟ್ ತೋರಿಸುವ ಪ್ರೀಮಿಯಂ ಪಟ್ಟಿ ಅರ್ಧ ಸತ್ಯ. ಉಳಿದರ್ಧಕ್ಕೆ ಈ ನಾಲ್ಕನ್ನು ಕೇಳಿ.

ಒಂದು, ಕೋ-ಪೇ ಎಷ್ಟು? ಶೇ 20 ಇದ್ದರೆ 3 ಲಕ್ಷದ ಬಿಲ್ಲಿನಲ್ಲಿ 60 ಸಾವಿರ ನೀವೇ ಕಟ್ಟಬೇಕು. ಎಲ್ಲ ಕಂಪನಿಗಳೂ ಮಾರುವ 'ಆರೋಗ್ಯ ಸಂಜೀವನಿ' ಪಾಲಿಸಿಯಲ್ಲಿ ಇದು ಶೇ 5.

ಎರಡು, ರೂಮ್ ಬಾಡಿಗೆಗೆ ಮಿತಿ ಇದೆಯೇ? ಆರೋಗ್ಯ ಸಂಜೀವನಿಯಲ್ಲಿ ದಿನಕ್ಕೆ ವಿಮಾ ಮೊತ್ತದ ಶೇ 2, ಗರಿಷ್ಠ 5,000 ರೂ. 2 ಲಕ್ಷದ ಪಾಲಿಸಿ ಇಟ್ಟುಕೊಂಡು 8,000 ರೂಪಾಯಿಯ ರೂಮಿಗೆ ಹೋದರೆ ಬಾಡಿಗೆಗೆ ಸಿಗುವುದು 4,000. ರೂಮಿಗೆ ತಕ್ಕಂತೆ ಏರುವ ಡಾಕ್ಟರ್ ಫೀಸಿನಂಥ ಖರ್ಚುಗಳನ್ನೂ ಅದೇ ಲೆಕ್ಕದಲ್ಲಿ ಕಡಿಯುತ್ತಾರೆ.

ಮೂರು, ಈಗಾಗಲೇ ಇರುವ ಕಾಯಿಲೆಗೆ ಎಷ್ಟು ಕಾಯಬೇಕು? ಮೂರು ವರ್ಷಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ. ಕಡಿಮೆ ಇರುವ ಪಾಲಿಸಿಗಳೂ ಇವೆ. "ಶುಗರ್ ಇದೆ ಅಂತ ಬರೀಬೇಡಿ" ಎನ್ನುವ ಏಜೆಂಟನ್ನು ಅಲ್ಲೇ ಬಾಗಿಲಿಂದ ಕಳಿಸಿ. ಬಚ್ಚಿಟ್ಟದ್ದು ಕ್ಲೇಮ್ ದಿನ ಹೊರಬರುತ್ತದೆ, ಆ ದಿನ ಏಜೆಂಟ್ ಫೋನ್ ಎತ್ತುವುದಿಲ್ಲ.

ನಾಲ್ಕು, ಶಿವಮೊಗ್ಗದ ಯಾವ ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ ಇದೆ? ಬೆಂಗಳೂರಿನ ನೂರು ಆಸ್ಪತ್ರೆಯ ಪಟ್ಟಿ ರಾತ್ರಿ ಎದೆನೋವು ಬಂದಾಗ ಕೆಲಸಕ್ಕೆ ಬಾರದು.

ಪಾಲಿಸಿ ಕೈಗೆ ಬಂದ 30 ದಿನದೊಳಗೆ ಇಷ್ಟವಾಗದಿದ್ದರೆ ಹಿಂದಿರುಗಿಸಬಹುದು. ದೂರಿದ್ದರೆ ಪ್ರಾಧಿಕಾರದ 155255ಕ್ಕೆ ಕರೆ ಮಾಡಿ.

120 ರೂಪಾಯಿಯ ಹಕ್ಕು

ಈಗ ಆ ಮೂರನೆಯ ನಿವೃತ್ತರ ಮಾತು. 68ರ ವಯಸ್ಸಿನಲ್ಲಿ, ಶುಗರ್ ಇಟ್ಟುಕೊಂಡು, ಪಿಂಚಣಿ ಇಲ್ಲದೆ ಅವರು ಕಂಪನಿ ಪಾಲಿಸಿಗೆ ಎಲ್ಲಿಂದ ದುಡ್ಡು ತರಬೇಕು? ಅವರ ಉತ್ತರ ಪಾಲಿಸಿಯಲ್ಲಿಲ್ಲ, ಅಂಗಡಿಯ ಹಾಜರಿ ಪುಸ್ತಕದಲ್ಲಿದೆ.

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಅಂಗಡಿಗೆ ಇಎಸ್‌ಐ ಅನ್ವಯಿಸುತ್ತದೆ. ಸಂಬಳ 21,000 ರೂ. ಒಳಗಿರಬೇಕು. 16,000 ಸಂಬಳದವರಿಂದ ಶೇ 0.75ರಂತೆ ತಿಂಗಳಿಗೆ 120 ರೂ. ಕಡಿತ. ಮಾಲೀಕರ ಪಾಲು ಶೇ 3.25, ಅಂದರೆ 520 ರೂ. ಹೀಗೆ ಕನಿಷ್ಠ ಐದು ವರ್ಷ ಇಎಸ್‌ಐನಲ್ಲಿದ್ದು ವಯೋನಿವೃತ್ತಿಯಾದವರು ಆಮೇಲೆ ವರ್ಷಕ್ಕೆ ಬರೀ 120 ರೂ. ಕಟ್ಟಿ ಗಂಡ ಹೆಂಡತಿ ಇಬ್ಬರೂ ಚಿಕಿತ್ಸೆ ಪಡೆಯಬಹುದು. ಹಳೆಯ ಕಾಯಿಲೆ ಎಂಬ ತಕರಾರಿಲ್ಲ. ಇಡೀ ಹೋಲಿಕೆಯಲ್ಲಿ ಇದಕ್ಕೆ ಸಾಟಿಯಾದದ್ದು ಇನ್ನೊಂದಿಲ್ಲ. ಆದರೆ ಐದು ವರ್ಷದ ದಾಖಲೆ ಇಲ್ಲದಿದ್ದರೆ ಇದು ಸಿಗುವುದಿಲ್ಲ. 53ರಲ್ಲಿ ಹೆಸರು ಸೇರಿದರೆ 58ಕ್ಕೆ ಸರಿಹೋಗುತ್ತದೆ, 57ರಲ್ಲಿ ನೆನಪಾದರೆ ಇಲ್ಲ.

ಹತ್ತು ಜನ ಇಲ್ಲದ ಸಣ್ಣ ಅಂಗಡಿಯ ಮಾಲೀಕರೂ ಸುಮ್ಮನಿರಬೇಕಿಲ್ಲ. ಕೆಲಸದವರನ್ನು ಒಂದು ಸಹಕಾರ ಸಂಘಕ್ಕೆ ಸೇರಿಸಿ, ದೀಪಾವಳಿ ಬೋನಸ್ಸಿನ ಜೊತೆ ಯಶಸ್ವಿನಿಯ 1,000 ರೂ. ಕಟ್ಟಲಿ. ಅಂಗಡಿ ಪೂಜೆಯ ಒಂದು ದಿನದ ಹೂವಿನ ಖರ್ಚಿಗಿಂತ ಅದು ದೊಡ್ಡದೇನಲ್ಲ.

ಇದನ್ನು ಮೊಬೈಲಿನಲ್ಲಿ ಓದುತ್ತಿರುವ ಮಕ್ಕಳಿಗೂ ಒಂದು ಕೆಲಸವಿದೆ. ಈ ಭಾನುವಾರ ಅಪ್ಪ ಅಮ್ಮನ ಜೊತೆ ಕೂತು ರೇಷನ್ ಕಾರ್ಡ್ ಯಾವ ಬಗೆಯದು, ಸಂಘದ ಸದಸ್ಯತ್ವ ಚಾಲ್ತಿಯಲ್ಲಿದೆಯೇ, ಸಂಬಳದ ಚೀಟಿಯಲ್ಲಿ ಇಎಸ್‌ಐ ನಂಬರ್ ಇದೆಯೇ ಎಂದು ನೋಡಿ. ಅಂಗಡಿಯಲ್ಲಿ ಕೆಲಸ ಮಾಡುವ ಅಪ್ಪನಿಗೆ ಆ ನಂಬರ್ ಇಲ್ಲದಿದ್ದರೆ, ಸೋಮವಾರ ಮಾಲೀಕರನ್ನು ಕೇಳುವಾಗ ನೀವೂ ಜೊತೆಗಿರಿ.